ತಲೆಗೆ ತಲುಪದ ಕೈ

ಕನ್ನಡಿಯ ಮುಂದೆ ಲಿಂದೌರಾ ಬಲಗೈಯನ್ನು ಇನ್ನೊಮ್ಮೆ ಎತ್ತಿದಳು. ಎದೆಯ ಮಟ್ಟಕ್ಕೆ ಬಂದು ಅದು ನಿಂತೇ ಹೋಯಿತು, ಒಳಗಿನಿಂದ ಯಾರೋ ಚಿಲಕ ಹಾಕಿದ ಹಾಗೆ. ಎಡಗೈಯಲ್ಲಿದ್ದ ಎರಡು ಮೀಟರ್ ಬಿಳಿ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಮೂವತ್ತೊಂದು ವರ್ಷದಿಂದ ಅವಳು ಸಾಲ್ವದೋರಿನ ಹುಣಸೆಮರದ ಚೌಕದಲ್ಲಿ ಅಕರಾಜೆ ಎಂಬ ವಡೆ ಕರಿಯುವವಳು. ಅಲಸಂದೆ ಹಿಟ್ಟನ್ನು ಮರದ ಸೌಟಿನಿಂದ ಹಗುರಾಗುವ ತನಕ ಬಡಿದು ಕೆಂಪು ತಾಳೆಎಣ್ಣೆಗೆ ಬಿಡಬೇಕು. ಬಿಳಿ ಲಂಗ, ಮಣಿಸರ, ತಲೆಗೆ ಮುಂಡಾಸು ಇಲ್ಲದೆ ಆ ಒಲೆಯ ಮುಂದೆ ಕೂರುವ ಹಾಗಿಲ್ಲ. ಈ ಶನಿವಾರ ಅಕರಾಜೆ ಮಾರುವವರ ಸಂಘದವರು ಬಂದು ಯಾವ ಜಾಗದಲ್ಲಿ ಯಾರು ಕೂತಿದ್ದಾರೆಂದು ಬರೆದುಕೊಳ್ಳುತ್ತಾರೆ. ಪುಸ್ತಕದಲ್ಲಿ ಹೆಸರಿದ್ದವಳದೇ ಜಾಗ. ಆದರೆ ಮೂರು ತಿಂಗಳಿಂದ ಅಲ್ಲಿ ಕೂರುತ್ತಿದ್ದವಳು ಅವಳ ತಂಗಿಯ ಮಗಳು ಇರಾಸಿ. ಗಿರಾಕಿಗಳು ಆಗಲೇ "ಇರಾಸಿಯ ಒಲೆ" ಅನ್ನತೊಡಗಿದ್ದರು.

"ನಾನು ಕಟ್ತೀನಿ ಬಾ ದೊಡ್ಡಮ್ಮಾ. ಎರಡು ನಿಮಿಷದ ಕೆಲ್ಸ," ಎಂದಳು ಬಾಗಿಲಲ್ಲಿ ನಿಂತಿದ್ದ ಇರಾಸಿ.

"ಅಲ್ಲೇ ನಿಲ್ಲು. ತಲೆ ಮುಟ್ಬೇಡ."

"ಇನ್ನೂ ಅದೇನಾ?"

"ಅದೇ."

ಲಿಂದೌರಾಳ ತಲೆ ಅವಳ ದೇವತೆಗೆ ಸೇರಿದ್ದು. ದೀಕ್ಷೆಯ ದಿನ ಅದರ ಮೇಲೆ ಕೈಯಿಟ್ಟವಳು ಗುಡಿಯ ತಾಯಿ, ಅಂದರೆ ಹಿರಿಯ ಪೂಜಾರಿಣಿ, ಅಲ್ತೀನಾ. ಆಕೆ ಹೋದ ವರ್ಷ ತೀರಿಕೊಂಡಿದ್ದಳು. ಸತ್ತವಳ ಕೈಯನ್ನು ತಲೆಯಿಂದ ತೆಗೆಸುವ ವಿಧಿ ಮುಗಿಯುವವರೆಗೆ ಇನ್ನೊಬ್ಬರ ಕೈ ಅಲ್ಲಿಗೆ ಬರಕೂಡದು. ಆ ವಿಧಿ ಮಾಡಬೇಕಾದ ಹೊಸ ತಾಯಿ ಯಾರೆಂದು ಗುಡಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

"ಹೊಲಿದಿಟ್ಟ ಮುಂಡಾಸೇ ಅಂಗಡೀಲಿ ಸಿಗುತ್ತೆ. ಟೋಪಿ ಥರ ಸಿಕ್ಕಿಸ್ಕೊಂಡ್ರಾಯ್ತು," ಎಂದಳು ಇರಾಸಿ.

"ಟೋಪಿ ಹಾಕ್ಕೊಂಡು ಕೂತ್ರೆ ಅಲ್ತೀನಾ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸ್ತಾಳೆ."

"ಅವಳ ಕೈಯಾದ್ರೂ ಮೇಲೇಳುತ್ತೆ, ಬಿಡು."

ಲಿಂದೌರಾಗೆ ನಗು ಬಂತು. ನಕ್ಕಿದ್ದಕ್ಕೆ ಭುಜ ಚುಚ್ಚಿತು.

ತಪ್ಪು ತನ್ನದೇ ಎಂಬುದು ಅವಳಿಗೆ ಸೋಮವಾರವಷ್ಟೇ ಗೊತ್ತಾಗಿತ್ತು. ಏಪ್ರಿಲ್‌ನಲ್ಲಿ ನೋವು ಶುರುವಾದಾಗ, ಹೆಗಲ ಮೇಲೆ ಹೊದೆಯುವ ಪಟ್ಟೆಬಟ್ಟೆಯಿಂದಲೇ ಕೊರಳಿಗೆ ಜೋಲಿ ಕಟ್ಟಿ ಕೈಯನ್ನು ಅದರಲ್ಲಿ ಮಲಗಿಸಿದ್ದಳು. ಮೂರು ತಿಂಗಳು ಬಿಚ್ಚಿರಲಿಲ್ಲ.

"ಕಟ್ಟಿಕೊಳ್ಳೋಕೆ ಯಾರು ಹೇಳಿದ್ರು?" ಎಂದು ಆರೋಗ್ಯ ಕೇಂದ್ರದ ಫಿಸಿಯೋಥೆರಪಿಸ್ಟ್ ಮೈರಾ ಕೇಳಿದ್ದಳು.

"ಯಾರೂ ಇಲ್ಲ ಡಾಕ್ಟ್ರೇ. ಅಲ್ಲಾಡಿಸದೇ ಇದ್ರೆ ವಾಸಿಯಾಗುತ್ತೆ ಅಂದ್ಕೊಂಡೆ."

"ಎಲ್ರೂ ಹಾಗೇ ಅಂದ್ಕೋತಾರೆ ಲಿಂದೌರಾ ಅವ್ರೇ. ಭುಜದ ಕೀಲಿನ ಸುತ್ತ ಒಂದು ಚೀಲ ಇರುತ್ತೆ. ನಿಮ್ಮದು ದಪ್ಪಗಾಗಿ, ಕುಗ್ಗಿ ಬಿಗಿದ್ಕೊಂಡಿದೆ. ಸಕ್ಕರೆ ಕಾಯಿಲೆ ಇರೋರಿಗೆ ಇದು ಜಾಸ್ತಿ. ಕಟ್ಟಿಟ್ಟಿದ್ರಿಂದ ಇನ್ನೂ ಬಿಗೀತು."

"ಶನಿವಾರದೊಳಗೆ ಬಿಡುತ್ತಾ?"

ಮೈರಾ ನಗಲಿಲ್ಲ. "ಒಂದು ವರ್ಷ. ಒಂದೂವರೆ ಆದ್ರೂ ಆಗ್ಬಹುದು. ನೋವಿಗೆ ಕೀಲಿನೊಳಗೇ ಕೊಡೋ ಇಂಜೆಕ್ಷನ್ ಇದೆ. ಆದ್ರೆ ಅದ್ರಿಂದ ನಿಮ್ಮ ಸಕ್ಕರೆ ಏರುತ್ತೆ, ಮೊದಲು ಅದನ್ನ ಇಳಿಸೋಣ. ಅಲ್ಲೀವರೆಗೆ ಬಿಸಿ ಶಾಖ, ವ್ಯಾಯಾಮ."

ವ್ಯಾಯಾಮ ಎರಡು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು. ಮೇಜಿಗೆ ಎಡಗೈ ಊರಿ ಬಗ್ಗಿ, ಬಲಗೈಯನ್ನು ಜೋಲುಬಿಟ್ಟು ಗಂಟೆಯ ನಾಲಗೆಯಂತೆ ತೂಗುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಂಟಾಯಿತೋ ಒಂಬತ್ತೋ ಎಂದು ಅನುಮಾನ ಬಂದರೆ ಲಿಂದೌರಾ ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಬೆರಳು ತಲುಪಿದಲ್ಲಿಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಸೋಮವಾರದ ಗೆರೆಯೂ ಶುಕ್ರವಾರದ ಗೆರೆಯೂ ಒಂದರ ಮೇಲೊಂದು ಕೂತಿದ್ದವು.

ಶನಿವಾರ ಬೆಳಿಗ್ಗೆ ಇರಾಸಿ ಹಿಟ್ಟು, ಬಾಣಲೆ ಹೊತ್ತು ಮುಂದೆ ಹೋದಳು. ಲಿಂದೌರಾ ಎಂದಿನಂತೆ ಮೇಜಿನ ಮೇಲೆ ಬಗ್ಗಿ ಕೈ ತೂಗಿದಳು. ಏಳನೆಯ ಸಲ ತೂಗುವಾಗ ಕಣ್ಣು ಬಿಟ್ಟರೆ ಬಲಗೈ ಮುಖದ ಹತ್ತಿರವೇ ಆಡುತ್ತಿತ್ತು. ಕೈಯೇನೂ ಮೇಲೆ ಹತ್ತಿರಲಿಲ್ಲ. ತಲೆ ಕೆಳಗೆ ಬಂದಿತ್ತು.

ಇದೇ ತಲೆಯನ್ನು ಅಲ್ತೀನಾಳ ಕಾಲ ಬಳಿ ನೆಲಕ್ಕೆ ಮುಟ್ಟಿಸಿದ್ದು ಎಷ್ಟು ಸಲವೋ! ಅವಳು ಎಣಿಕೆ ಬಿಟ್ಟು ಕುರ್ಚಿ ಎಳೆದು ಕೂತಳು. ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಬೆರಳಿಗೆ ಕೂದಲು ಸಿಗುವ ತನಕ ಹಣೆ ತಗ್ಗಿಸಿದಳು. ತಲೆಗೆ ಸುತ್ತಿದ ಬಟ್ಟೆ ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ನಿಂತಿತು. ಹಿಂದೆ ಇರಬೇಕಾದ ಗಂಟು ಮಾತ್ರ ಹಣೆಯ ಎಡಕ್ಕೆ ಬಂದು ಕೂತಿತ್ತು.

"ಮೊಲದ ಕಿವಿ ಥರ ಇದೆ," ಎನ್ನುತ್ತ ಇರಾಸಿ ಚೌಕದಲ್ಲಿ ಪೀಠ ಬಿಟ್ಟು ಎದ್ದಳು. ಲಿಂದೌರಾ ಕೂತಳು.

ಸಂಘದ ಕಾರ್ಯದರ್ಶಿ ಪುಸ್ತಕ ಹಿಡಿದು ಬಂದಳು. "ಲಿಂದೌರಾ, ಈ ಜಾಗ ಇನ್ಮೇಲೆ ಹುಡುಗೀದು ಅಂತ ಹೇಳಿದ್ರು ಎಲ್ರೂ?"

ಅದೇ ಹೊತ್ತಿಗೆ ಕಡಲ ಗಾಳಿ ಬೀಸಿ ಗಂಟು ಸಡಿಲವಾಯಿತು. ಬಟ್ಟೆ ಕಿವಿಯ ಮೇಲೆ ಇಳಿಯಿತು. ಇರಾಸಿಯ ಕೈ ತಾನಾಗಿಯೇ ಮೇಲೆದ್ದು, ತಲೆಗೆ ಒಂದು ಗೇಣು ಇರುವಾಗ ತಡೆದು ನಿಂತಿತು.

ಲಿಂದೌರಾ ಸಿಗಡಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಹಲಗೆಯ ಮೇಲೆ ಮೊಣಕೈ ಊರಿ, ಸಾಲಿನಲ್ಲಿದ್ದವರೆಲ್ಲರ ಎದುರಿಗೇ ತಲೆ ಬಗ್ಗಿಸಿದಳು.

"ಪ್ರಾರ್ಥನೇನಾ?" ಎಂದ ಮುಂದಿದ್ದ ಗಿರಾಕಿ ಮೆಲ್ಲಗೆ.

"ವ್ಯಾಯಾಮ," ಎಂದಳು ಲಿಂದೌರಾ ಕೆಳಗಿನಿಂದ. "ನಿಂಗೆ ಖಾರ ಹಾಕೋದಾ, ಬೇಡ್ವಾ?"

ಗಂಟು ಬೀಳುವವರೆಗೆ ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದು ನಿಂತಿದ್ದಳು. ಆಮೇಲೆ ಲಿಂದೌರಾಳ ಹೆಸರನ್ನೇ ಬರೆದಳು.

ಹಿಟ್ಟು ಇಳಿದಿತ್ತು, ಮತ್ತೆ ಬಡಿಯಬೇಕಿತ್ತು. ಲಿಂದೌರಾ ಬಲಗೈಯಲ್ಲಿ ಸೌಟು ಹಿಡಿದಳು. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಒಳಗಿನ ಚಿಲಕ ಬಿತ್ತು. ಇರಾಸಿ ಸೌಟು ತೆಗೆದುಕೊಂಡು ಬಡಿಯತೊಡಗಿದಳು.

ಒಂದು ವರ್ಷ. ಒಂದೂವರೆ ಆದರೂ ಆಗಬಹುದು. ಲಿಂದೌರಾ ಕರಿದ ಅಕರಾಜೆಯ ಮೇಲೆ ಎಡಗೈಯಿಂದ ಸಿಗಡಿ ಉದುರಿಸಿದಳು. ಗಾಳಿ ಮತ್ತೆ ಎದ್ದಿತು. ತುಂಬಿದ ಕೊಡ ಹೊತ್ತವಳಂತೆ ಅವಳು ಕತ್ತು ಅಲ್ಲಾಡಿಸದೆ ಕೂತಿದ್ದಳು.