ತೀರಾ ಬಿಳಿಯ ಹಲ್ಲು

ನಮ್ಮೂರಿನ ಅರ್ಧ ಮುದುಕರು ನನ್ನ ಅಕ್ಕ ಮಾಡಿದ ಹಲ್ಲಿನಲ್ಲೇ ನಗುತ್ತಾರೆ. ಡಾಕ್ಟರು ಕಳಿಸಿದ ಅಚ್ಚು ನೋಡಿ ಕೃತಕ ಹಲ್ಲು ತಯಾರಿಸುವುದು ಅವಳ ಕೆಲಸ. ಅವಳ ಮಗಳು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಮಗುವಿನ ಹಾಲುಹಲ್ಲು ಹುಳುಕಾಗಿ ಕೀವು ತುಂಬಿದಾಗ ಅಕ್ಕ ಇನ್ನೂ ಈ ಕೆಲಸಕ್ಕೆ ಸೇರಿರಲಿಲ್ಲ. "ಬಿದ್ದು ಹೋಗೋ ಹಲ್ಲಿಗೆ ಯಾಕಿಷ್ಟು ರಗಳೆ?" ಎಂದಿದ್ದರು ಭಾವ. ಬಿದ್ದವು, ಸರಿ. ಆದರೆ ಕೀವು ಒಳಗಿನ ಹಲ್ಲಿಗೂ ತಾಗಿ, ಆ ಜಾಗದಲ್ಲಿ ಕಂದು ಕಲೆಯ ಎರಡು ಹಲ್ಲು ಬಂದವು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಕ್ಲಾಸಿನವರೆಲ್ಲ ಅವಳನ್ನು 'ತುಕ್ಕು' ಎಂದೇ ಕರೆಯುತ್ತಿದ್ದರು.

ಶಾಲೆಯ ವಾರ್ಷಿಕೋತ್ಸವದ ಸ್ವಾಗತ ಭಾಷಣಕ್ಕೆ ಅವಳೇ ಆಯ್ಕೆಯಾದಳು, ಬರೆದವಳೂ ಅವಳೇ. ಅಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಎರಡು ಹಲ್ಲಿನ ಮೇಲೆ ಕೂರುವ, ಬೇಕೆಂದಾಗ ತೆಗೆದಿಡಬಹುದಾದ ತೆಳ್ಳನೆಯ ಕವಚ ಮಾಡಿಕೊಟ್ಟಳು. ಬೇರೆಯವರಿಗಾದರೆ ಅಕ್ಕಪಕ್ಕದ ಹಲ್ಲಿಗೆ ಬಣ್ಣ ಹೊಂದಿಸಿ ಹೊಂದಿಸಿ ಮಾಡುವವಳು, ಮಗಳಿಗೆಂದು ಇದ್ದುದರಲ್ಲೇ ಬೆಳ್ಳಗಿನದನ್ನು ಆರಿಸಿದ್ದಳು. ಹೆತ್ತ ಕರುಳು! ಮರುದಿನವೇ 'ತುಕ್ಕು' ಹೋಗಿ 'ಸುಣ್ಣ' ಬಂತು. ಯಾರೋ ಅವಳ ಬೆಂಚಿನ ತುಂಬ ಚಾಕ್‌ಪೀಸಿನ ಪುಡಿ ಸುರಿದಿದ್ದರು.

ಹೆಡ್‌ಮಿಸ್ ಕರೆಸಿದರು. ಪುಡಿ ಸುರಿದವರಿಗೆ ಬುದ್ಧಿ ಹೇಳುತ್ತಾರೆ ಎಂದುಕೊಂಡು ಅಕ್ಕ, ಅವಳ ಮಗಳು, ನಾನು ಮೂವರೂ ಹೋದೆವು.

"ಮಕ್ಕಳು ಅಂದ್ಮೇಲೆ ತಮಾಷೆ ಇದ್ದಿದ್ದೇ," ಎಂದರು ಅವರು. "ಸ್ಟೇಜ್ ಮೇಲೆ ಎಲ್ಲರೂ ಕೂಗಿದ್ರೆ ಇವಳಿಗೇ ಅವಮಾನ. ಭಾಷಣ ಇವಳದ್ದೇ ಇರಲಿ, ಬೇರೆ ಹುಡುಗಿ ಓದ್ತಾಳೆ. ನೋಡೋಕೂ ಲಕ್ಷಣವಾಗಿದ್ದಾಳೆ."

ನನಗೆ ಮೈಯೆಲ್ಲ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! "ಪುಡಿ ಹಾಕಿದವರನ್ನ ಬಿಟ್ಟು ಇವಳ ಬಾಯಿ ಮುಚ್ಚಿಸ್ತೀರಲ್ಲ ಮೇಡಂ, ನಾಚಿಕೆ ಆಗಲ್ವಾ?" ಎಂದೆ.

ಅಕ್ಕ ನನ್ನ ತೋಳು ಜಗ್ಗಿದಳು. "ನೀನು ಸುಮ್ನಿರೇ. ತಪ್ಪು ನಂದೇ ಮೇಡಂ, ಬಿಳಿ ಜಾಸ್ತಿ ಆಯ್ತು. ಇನ್ನೊಂದು ಮಾಡ್ತೀನಿ, ಭಾಷಣ ಅವಳಿಗೇ ಬಿಟ್ಕೊಡಿ," ಎಂದು ಗೋಗರೆದಳು. ಯಾರದೋ ಮಕ್ಕಳ ಕೊಬ್ಬಿಗೆ ನನ್ನ ಅಕ್ಕ ಕೈಮುಗಿಯಬೇಕೇ?

ಹುಡುಗಿ ಅಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ಈಗ ಬಾಯಿಗೆ ಬೆರಳು ಹಾಕಿ ಕವಚ ಕಿತ್ತಳು. ಯೂನಿಫಾರ್ಮಿಗೆ ಒರೆಸಿ ಹೆಡ್‌ಮಿಸ್ ಮೇಜಿನ ಮೇಲಿಟ್ಟಳು.

"ಲಕ್ಷಣ ಬೇಕಿದ್ರೆ ಇದನ್ನ ಅವಳಿಗೆ ಹಾಕಿ ಕೂರ್ಸಿ ಮಿಸ್. ಭಾಷಣ ನಂದು, ನಾನೇ ಮಾಡ್ತೀನಿ."

ಕೈ ಅಡ್ಡ ಹಿಡಿಯದೆ ಹೇಳಿದಳು. ಕಂದು ಹಲ್ಲು ಎರಡೂ ಚೆನ್ನಾಗಿ ಕಾಣುತ್ತಿದ್ದವು. ತಲೆ ತಗ್ಗಿಸಿದ್ದು ಹೆಡ್‌ಮಿಸ್.