ಮೂಲೆ ಮೇಜಿನ ಕೆಂಡ

ನಾನು ಒಂದು ಮಣ್ಣಿನ ಒಲೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕವನು, ಆದರೆ ಹಟ ಮಾತ್ರ ದೊಡ್ಡದು. ಜಪಾನಿನ ಕಡಲಂಚಿನ ಗುಡ್ಡದ ಹಗುರ ಮಣ್ಣನ್ನು ಕಡಿದು, ಕೆತ್ತಿ, ಸುಟ್ಟು ನನ್ನನ್ನು ಮಾಡಿದರು. ಹೊಟ್ಟೆ ತುಂಬ ಕೆಂಡವಿದ್ದರೂ ನನ್ನ ಹೊರಮೈ ಯಾರ ಕೈಯನ್ನೂ ಸುಡುವುದಿಲ್ಲ. ಈ ಗುಣ ಮನುಷ್ಯರಲ್ಲಿ ಕಡಿಮೆ ಎಂದು ಆಮೇಲೆ ತಿಳಿಯಿತು.

ಒಸಾಕಾದ ಗಲ್ಲಿಯೊಂದರಲ್ಲಿ ಶಿಜುಯೆ ಎಂಬ ಅಜ್ಜಿಯ ಪುಟ್ಟ ಹೋಟೆಲಿನಲ್ಲಿ ನನ್ನ ದುಡಿಮೆ ಶುರುವಾಯಿತು. ಅಲ್ಲಿ ತೆಳ್ಳಗೆ ಹೆಚ್ಚಿದ ಬೀಫನ್ನು ಹಸಿಯಾಗಿಯೇ ಮೇಜಿಗೆ ತಂದಿಡುತ್ತಿದ್ದರು. ಬಂದವರೇ ಅದನ್ನು ಇಕ್ಕಳದಲ್ಲಿ ಎತ್ತಿ ನನ್ನ ತಂತಿಬಲೆಯ ಮೇಲೆ ಹರಡಿ, ಬೇಕಾದ ಹದಕ್ಕೆ ಸುಟ್ಟು, ಸಾಸಿನಲ್ಲಿ ಅದ್ದಿ ತಿನ್ನಬೇಕು. ಕೊಬ್ಬು ಕರಗಿ ಚುರ್ ಎಂದಾಗ ಮುನಿಸಿಕೊಂಡು ಬಂದ ಗಂಡಹೆಂಡತಿಯರೂ ಮಾತು ಶುರುಮಾಡುತ್ತಿದ್ದರು. ಅಜ್ಜಿಯೂ ಒಂದು ಸ್ಟೂಲು ಎಳೆದುಕೊಂಡು ಅವರ ನಡುವೆ ಕೂರುತ್ತಿದ್ದಳು.

ಅಲ್ಲಿ ಕೆಲಸಕ್ಕಿದ್ದವಳು ಮಂಗಳೂರಿನ ಫೆಲ್ಸಿ ಕುವೆಲ್ಲೊ. ವಯಸ್ಸಾಗಿ ಅಂಗಡಿ ಮುಚ್ಚುವಾಗ ಅಜ್ಜಿ ನನ್ನನ್ನು ಅವಳ ಕೈಗಿಟ್ಟಳು. ಅವಳ ಊರು ತಲುಪುವಷ್ಟರಲ್ಲಿ ನನ್ನ ಪಕ್ಕೆ ಬಿರುಕು ಬಿಟ್ಟಿತ್ತು. ಫೆಲ್ಸಿ ತಂತಿ ಸುತ್ತಿ ಬಿಗಿದು, "ಎಂಥ ಆಗುದಿಲ್ಲ ಮಾರಾಯ, ನಾವಿಬ್ರೂ ಹೋಟೆಲ್ ಮಾಡುವ," ಎಂದಳು. ಅವಳು ನನಗೆ ಅವತ್ತೇ ಹಿಡಿಸಿಬಿಟ್ಟಳು.

ಮಂಗಳೂರಿನ ಬೆಂದೂರು ಓಣಿಯಲ್ಲಿ ಅಜ್ಜಿಯದರಂಥದೇ ಹೋಟೆಲು ತೆರೆಯಿತು. ನನ್ನ ಹೊಟ್ಟೆಗೆ ತೆಂಗಿನ ಗೆರಟೆಯ ಇದ್ದಿಲು ಬಿತ್ತು, ಒಗ್ಗಿಕೊಂಡೆ. ಒಗ್ಗದವರು ಫೆಲ್ಸಿಯ ಅಪ್ಪ ಲಾದ್ರು ಒಬ್ಬರೇ.

ಲಾದ್ರು ಒಂದು ಕಾಲದಲ್ಲಿ ಮದುವೆಮನೆಗಳ ದೊಡ್ಡ ಅಡುಗೆಯವರು. ಬಂದವರ ಕೈಗೆ ಸೌಟು ಕೊಡುವುದೆಂದರೆ ಅವರ ಪಾಲಿಗೆ ಮರ್ಯಾದೆ ಹೋದ ಹಾಗೆ. "ಜನರ ಎದುರು ಹಸಿ ಮಾಂಸ ಇಟ್ಟು ನೀವೇ ಬೇಯಿಸ್ಕೊಳ್ಳಿ ಅನ್ನುದಾ? ಇಗರ್ಜಿಗೆ ಹೋಗಿ ನಾನು ಮುಖ ತೋರ್ಸುದು ಹೇಗೆ?" ಎಂದು ಹೊಸ್ತಿಲಾಚೆಯಿಂದಲೇ ಗೊಣಗಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಫೆಲ್ಸಿ ಮಾರ್ಕೆಟಿಗೆ ಹೋದದ್ದೇ ತಡ, ಒಳಗೆ ನುಗ್ಗಿದರು. ಅಂದಿನ ಮಾಂಸವನ್ನೆಲ್ಲ ಕಡಾಯಿಗೆ ಸುರಿದು, ಕರಿಮೆಣಸು, ಕಾಯಿಚೂರು ಹಾಕಿ ಹುರಿದು, ಮೇಜು ಮೇಜಿಗೆ ತಾವೇ ಬಡಿಸಿದರು. ಗಿರಾಕಿಗಳು ಬೆರಳು ನೆಕ್ಕಿದರು. ನಾನು ಮೂಲೆಯಲ್ಲಿ ತಣ್ಣಗೆ ಕೂತು ಹೊಟ್ಟೆ ಉರಿದುಕೊಂಡೆ.

ಮರಳಿ ಬಂದ ಫೆಲ್ಸಿ ಕೂಗಾಡಲಿಲ್ಲ. "ಆದಿತ್ಯವಾರ ಗಿರಾಕಿಯಾಗಿ ಬನ್ನಿ ಪಪ್ಪಾ. ಒಂದು ಸಲ ಕೂತು ನೋಡಿ. ಮತ್ತೂ ಇದು ನಾಚಿಕೆಗೇಡು ಅಂತ ಕಂಡ್ರೆ ನಾನೇ ಬೋರ್ಡ್ ಇಳಿಸ್ತೇನೆ," ಎಂದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ, ಇಸ್ತ್ರಿ ಅಂಗಿಯಲ್ಲೇ ಬಂದರು ಲಾದ್ರು. ಫೆಲ್ಸಿ ನನ್ನ ಹೊಟ್ಟೆಗೆ ಕೆಂಡ ಹಾಕಿ, ಮಾಂಸದ ತಟ್ಟೆ ತಂದಿಟ್ಟು, ಎದುರಿಗೆ ಕೂತಳು. ಅವರು ಕೈಕಟ್ಟಿ ಕೂತರು. ಅವಳೂ ಕೈಕಟ್ಟಿದಳು. ಒಬ್ಬರನ್ನೊಬ್ಬರು ಮೀರಿಸುವ ಹಟಮಾರಿಗಳು! ನಾನೂ ಸೋಲಲಿಲ್ಲ, ಕೆಂಡ ಆರದಂತೆ ಬಿಗಿಯಾಗಿ ಹಿಡಿದುಕೊಂಡೆ.

"ಬೇಯಿಸಿ ಬಡಿಸು," ಎಂದರು ಕೊನೆಗೆ.

"ಇಲ್ಲ. ನಾನು ಒಳಗೆ ಹೋದ್ರೆ ನೀವು ಒಬ್ಬರೇ ತಿನ್ಬೇಕು. ಮಮ್ಮಿ ಇದ್ದಷ್ಟು ದಿನ ಹಾಗೇ ಅಲ್ವಾ ಮಾಡಿದ್ದು? ಅವರು ನಮ್ಮ ಒಟ್ಟಿಗೆ ಕೂತು ಊಟ ಮಾಡಿದ ಒಂದು ದಿನ ನೆನಪುಂಟಾ ನಿಮ್ಗೆ?"

"ಕ್ರಿಸ್ಮಸ್ಸಿಗೆ..." ಎಂದರು ಲಾದ್ರು.

"ಅವತ್ತೂ ಮಮ್ಮಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು, ಪಪ್ಪಾ. ಇನ್ನೂ ಏನಾದ್ರೂ ಬೇಕಾ ಅಂತ ಕೇಳ್ತಾ."

ಲಾದ್ರು ನಿಧಾನವಾಗಿ ಇಕ್ಕಳ ತೆಗೆದುಕೊಂಡರು. ಹಂಡೆಗಟ್ಟಲೆ ಸಾರು ಕಲಕಿದ ಆ ಕೈಗೆ ಇಕ್ಕಳ ಹೊಸತು. ಮೊದಲ ತುಂಡು ಬಲೆಗೆ ಅಂಟಿ ಕರಕಲಾಯಿತು. ಎರಡನೆಯದಕ್ಕೆ ನಾನು ಆದಷ್ಟು ಹದವಾಗಿ ಉರಿದೆ. ಅದನ್ನು ಮಗಳ ತಟ್ಟೆಗೆ ಹಾಕಿದರು. ಅಭ್ಯಾಸಬಲದಿಂದ ಫೆಲ್ಸಿ ನೀರು ತರಲು ಎದ್ದಳು.

"ಕೂತ್ಕೊ ಬಾಯೆ," ಎಂದರು ಅಪ್ಪ. "ನಾನು ತರ್ತೇನೆ."

ಬೋರ್ಡು ಇಳಿಯಲಿಲ್ಲ. ನಾನೀಗ ಮುದುಕ, ಪಕ್ಕೆಯ ಬಿರುಕು ಬುಡ ಮುಟ್ಟಿದೆ. ದೊಡ್ಡ ಮೇಜುಗಳನ್ನು ಹೊಸ ಒಲೆಗಳಿಗೆ ಬಿಟ್ಟುಕೊಟ್ಟು ಮೂಲೆಯದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಎರಡು ಹೋಳಾಗುವ ದಿನದವರೆಗೆ ಕೆಂಡ ಬಿಡುವವನಲ್ಲ. ನನ್ನ ಸುತ್ತ ಎಲ್ಲರೂ ಒಟ್ಟಿಗೆ ಕೂರುತ್ತಾರಲ್ಲ, ಒಂದು ಒಲೆಯ ಬಾಳಿಗೆ ಅಷ್ಟು ಸಾಕು. ಪ್ರತಿ ಆದಿತ್ಯವಾರ ಲಾದ್ರು ಬರುತ್ತಾರೆ. ಯಾವ ಮೇಜಿನಲ್ಲಾದರೂ ಹೆಂಗಸೊಬ್ಬಳು ಉಳಿದವರಿಗೆ ಬಡಿಸಲೆಂದು ಎದ್ದು ನಿಂತರೆ, ಹೋಗಿ ಅವಳ ಕುರ್ಚಿ ಸರಿಮಾಡುತ್ತಾರೆ.

"ನೀವು ಕೂತ್ಕೊಳ್ಳಿ ಬಾಯಮ್ಮ," ಎನ್ನುತ್ತಾರೆ. "ನಮ್ಮ ಮನೆಯಲ್ಲಿ ಒಬ್ಳು ನಿಂತೇ ಇದ್ದು ಹೋದ್ಲು."