ಮೇಲಿನ ಹಲಗೆಯ ಸಾಬೂನು

ಶಿವಗಂಗಾ ಮೂರನೆಯ ಬೋಗುಣಿಯ ತಿಳಿನೀರನ್ನು ಬಗ್ಗಿಸಿ ಚೆಲ್ಲುತ್ತಿದ್ದಳು. ತಳದಲ್ಲಿ ಕೂತ ಬೂದಿ ಕದಡದ ಹಾಗೆ, ಬೋಗುಣಿಯ ಅಂಚನ್ನು ಬೆರಳಷ್ಟೇ ಎತ್ತಿ, ಎಳೆಯಾಗಿ ನೀರು ಬಿಡಬೇಕು. ಉಳಿದ ದಿನ ಈ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಇವತ್ತು ಮಾತ್ರ ಎರಡು ಸಲ ಕೈ ಜಾರಿ ಬೂದಿಯೆಲ್ಲ ಕದಡಿ, ಮತ್ತೆ ಅದು ಕೂರುವ ತನಕ ಕುಕ್ಕರಗಾಲಲ್ಲಿ ಕಾಯಬೇಕಾಯಿತು. ಕಣ್ಣು ಬೋಗುಣಿಯಲ್ಲಿದ್ದರೂ ಮನಸ್ಸು ಒಳಗೆ ಒಣಗಿಸುವ ಕೋಣೆಯ ಮೇಲಿನ ಹಲಗೆಯಲ್ಲಿತ್ತು. ಇವತ್ತಿಗೆ ನಲವತ್ತು ದಿನ ತುಂಬಿತ್ತು.

ಮಸ್ಕಿಯ ಆ ಮನೆಯಲ್ಲಿ ವಿಭೂತಿ ಮಾಡುವುದು ಮೂರು ತಲೆಮಾರಿನ ಕಸುಬು. ಸಗಣಿಯ ಕುಳ್ಳು ಸುಟ್ಟು, ಬೂದಿ ಸೋಸಿ, ನೀರು ಬದಲಿಸಿ ಬದಲಿಸಿ ತೊಳೆದು, ಕಡೆಗೆ ಉಳಿದ ಬೆಳ್ಳನೆಯ ಕೆಸರನ್ನು ಕಟ್ಟಿಗೆಯ ಅಚ್ಚಿಗೆ ತುಂಬಿ ಒಣಗಿಸುವುದು. ಗಂಡ ಅಮರಗುಂಡಪ್ಪ ವಾರಕ್ಕೊಮ್ಮೆ ಗಟ್ಟಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಲಿಂಗಸೂಗೂರಿನ ಪೂಜಾ ಸಾಮಾನಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದ. ಇವತ್ತೂ ಬೆಳಗಿನ ಬಸ್ಸಿಗೆ ಹೋಗಿದ್ದ. ಅತ್ತೆ ಶಿವಬಸಮ್ಮ ಸ್ನಾನ ಮಾಡಿ ಲಿಂಗಪೂಜೆಗೆ ಕೂತಿದ್ದಳು. ಪೂಜೆ ಮುಗಿದು ಅತ್ತೆ ನಾಲ್ಕು ತುತ್ತು ಉಂಡು ಅಡ್ಡಾದಳೆಂದರೆ ಮನೆ ಶಿವಗಂಗಾಳದು. ಆಗ ಮೇಲಿನ ಹಲಗೆಯಿಂದ ಒಂದು ಗಟ್ಟಿ ಇಳಿಸುವುದು, ನಾಲಿಗೆ ತುದಿಗೆ ಮುಟ್ಟಿಸುವುದು. ಅಷ್ಟೇ ಕೆಲಸ.

ಮೇಲಿನ ಹಲಗೆಯಲ್ಲಿದ್ದದ್ದು ವಿಭೂತಿಯಲ್ಲ, ಸಾಬೂನು. ಕೊಬ್ಬರಿ ಎಣ್ಣೆ, ಅಕ್ಕಿ ತೌಡಿನ ಎಣ್ಣೆ ಕೂಡಿಸಿ, ಕಾಸ್ಟಿಕ್ ಸೋಡಾದ ನೀರು ಹೊಯ್ದು, ಕಡಗೋಲಿನ ಗೆರೆ ಮೇಲೆ ನಿಲ್ಲುವಷ್ಟು ಗಟ್ಟಿಯಾಗುವ ತನಕ ಕಡೆದು, ಕೊನೆಗೆ ಖಸ್ ಅತ್ತರಿನ ಒಂಬತ್ತು ಹನಿ ಹಾಕಿ ಮಾಡಿದ್ದು. ಬೇರೆ ಅಚ್ಚು ಇಲ್ಲದ್ದಕ್ಕೆ ಹಳೆಯ ವಿಭೂತಿ ಅಚ್ಚಿಗೇ ಪ್ಲಾಸ್ಟಿಕ್ ಹಾಳೆ ಹಾಸಿ ಸುರಿದು, ಕಚ್ಚು ಹೋಗಲೆಂದು ನಲವತ್ತು ದಿನ ಆರಲು ಬಿಟ್ಟಿದ್ದಳು. ಲಿಂಗಸೂಗೂರಿನ ಕಾಲೇಜಿನಲ್ಲಿ ಓದುವ ಮಗಳು ಅಮೂಲ್ಯಾ ತಂದುಕೊಟ್ಟ ಪುಟ್ಟ ಕರೆಂಟಿನ ತಕ್ಕಡಿಯಲ್ಲಿ ಈ ಸಲ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿದ್ದಳು. ಇದಕ್ಕೆ ಮುಂಚೆ ಮೂರು ಸಲ ಕೆಟ್ಟಿತ್ತು. ಒಮ್ಮೆ ಎಣ್ಣೆ ಬೇರೆ, ನೀರು ಬೇರೆ ಆಗಿ ನಿಂತಿತು. ಒಮ್ಮೆ ಗಟ್ಟಿಗಳೆಲ್ಲ ಬಿರುಕು ಬಿಟ್ಟವು. ಮೂರನೆಯದು ನೋಡಲು ಹಾಲಿನ ಕೆನೆಯಂತಿತ್ತು. ನಾಲಿಗೆಗೆ ಮುಟ್ಟಿಸಿದರೆ ಕರೆಂಟು ಹೊಡೆದ ಹಾಗೆ ಚುರ್ ಎಂದಿತು. ಎಣ್ಣೆಯೊಡನೆ ಕೂಡದೆ ಉಳಿದ ಕಾಸ್ಟಿಕ್ ಹಾಗೆಯೇ ಕಚ್ಚುತ್ತದೆ. ನಾಲಿಗೆಗೆ ಕಚ್ಚದ ಸಾಬೂನೇ ಮೈಗೆ ಸಲ್ಲುವ ಸಾಬೂನು.

ಅಂಥದೇ ಕಚ್ಚುವ ಸಾಬೂನಿಗೆ ಮೂರು ವರ್ಷದ ಹಿಂದೆ ಓಣಿಯ ಹೆಂಗಸರ ಕೈ ಸುಟ್ಟಿತ್ತು. ಆಗ ಪಕ್ಕದ ಮನೆಯಲ್ಲಿ ಕಹಕಶಾ ಇದ್ದಳು. ಇಬ್ಬರೂ ಓಣಿಯ ಮಹಿಳಾ ಸಂಘದ ತರಬೇತಿಗೆ ಕೂಡಿಯೇ ಹೋಗಿ, ಕೂಡಿಯೇ ಮೊದಲ ಸಾಬೂನು ಮಾಡಿದರು. ಕಾಸ್ಟಿಕ್ ಅಳೆಯುವಾಗ "ತೂಗೂನು ಗಂಗಕ್ಕಾ" ಎಂದಿದ್ದಳು ಕಹಕಶಾ. ಶಿವಗಂಗಾ ನಕ್ಕುಬಿಟ್ಟಿದ್ದಳು. "ಇಪ್ಪತ್ತು ವರ್ಷ ಬೂದಿ ಕಲಸಿದ ಕೈ ಇದು, ತಕ್ಕಡಿ ಯಾಕ ಬೇಕು?" ಎಂದು ವಿಭೂತಿಯ ಹಿತ್ತಾಳೆ ಬಟ್ಟಲಿನಿಂದಲೇ ಅಂದಾಜಿಗೆ ಸುರಿದಿದ್ದಳು. ಬೂದಿಯಾದರೆ ಒಂದು ಹಿಡಿ ಹೆಚ್ಚಾದರೂ ತೊಳೆದು ತೊಳೆದು ಸರಿಮಾಡಬಹುದು. ಕಾಸ್ಟಿಕ್ ಹಾಗಲ್ಲವೆಂಬುದು ಅವಳಿಗೆ ತಿಳಿದದ್ದು ಎಂಟನೆಯ ದಿನಕ್ಕೇ ಸಾಬೂನು ಹಂಚಿಯಾದ ಮೇಲೆ. ಕೆಂಪಗೆ ಬೊಬ್ಬೆ ಎದ್ದ ಕೈಗಳನ್ನು ಚಾಚಿಕೊಂಡು ಸಂಘದ ಹನ್ನೆರಡು ಮಂದಿ ಬಾಗಿಲಿಗೆ ಬಂದು ನಿಂತಾಗ, ಅವಳ ಬಾಯಿಂದ ತಾನಾಗಿ ಒಂದು ಮಾತು ಹೊರಬಿದ್ದಿತ್ತು: "ಅಳತಿ ಕಹಕಶಾಂದು."

ಕಹಕಶಾ ಒಂದು ಸಲ ತಲೆ ಎತ್ತಿ ಇವಳ ಮುಖ ನೋಡಿದಳು, ಅಷ್ಟೇ. ಅತ್ತೆ ಶಿವಬಸಮ್ಮ ಎಲ್ಲರೆದುರು ಅಂದಳು: "ಅಳತಿ ತಿಳೀದಾಕಿ ಇನ್ನ ನನ್ನ ಹೊಸ್ತಿಲಾ ದಾಟಬ್ಯಾಡ." ಮುಂದಿನ ತಿಂಗಳೇ ಕಹಕಶಾಳ ಗಂಡ ಮೌಲಾಸಾಬನಿಗೆ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಕೆಲಸ ಸಿಕ್ಕು, ಸಂಸಾರ ಅಲ್ಲೇ ಹತ್ತಿರದ ಗೊರೇಬಾಳಕ್ಕೆ ಹೋಯಿತು.

ಶಿವಗಂಗಾ ಫೋನು ಹಚ್ಚದೆ ಇರಲಿಲ್ಲ. ಹಚ್ಚಿದಾಗೆಲ್ಲ "ಮಳಿ ಆತೇನು? ಕಾಲುವಿಗೆ ನೀರು ಬಿಟ್ಟಾರೇನು?" ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು. ಎಲ್ಲರೆದುರು ಆಡಿದ ಸುಳ್ಳಿಗೆ ಕಿವಿಯಲ್ಲಿ ಪಿಸುಗುಟ್ಟಿದ ನಿಜ ಸಾಲದು ಎಂದು ಆಮೇಲೆ ಅನ್ನಿಸಿತು. ಕಹಕಶಾ ಕೈಯಲ್ಲಿ ಹಿಡಿದು ನಾಲ್ಕು ಮಂದಿಗೆ ತೋರಿಸುವಂಥದ್ದು ಬೇಕು. ಹಾಗೆಂದು ಒಂದು ಕಾಗದ ಬರೆದು, ಲಕೋಟೆಗೆ ಹಾಕಿ, ವಿಳಾಸವನ್ನೂ ಬರೆದಳು. ಕಚ್ಚದ ಸಾಬೂನು ಮಾಡಿದ ದಿನ ಎರಡನ್ನೂ ಕೂಡಿಸಿ ಕಳಿಸುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಟ್ರಂಕಿನ ತಳದಲ್ಲಿ ಆ ಲಕೋಟೆ ಮೂರು ವರ್ಷದಿಂದ ಇತ್ತು.

"ಗಂಗೀ! ಏ ಗಂಗವ್ವಾ! ಲಗೂನ ಬಾರಬೇ!"

ದೇವರ ಕೋಣೆಯಿಂದ ಅತ್ತೆಯ ಕೂಗು. ಶಿವಗಂಗಾಳ ಕೈಯಿಂದ ಬೋಗುಣಿ ಜಾರಿ, ಬೂದಿ ಮೂರನೆಯ ಸಲ ಕದಡಿತು. ಅತ್ತೆ ಬಿದ್ದಳೋ ಏನೋ ಎಂದು ಒದ್ದೆ ಕೈಯಲ್ಲೇ ಓಡಿದಳು.

ಶಿವಬಸಮ್ಮ ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು. ಲಿಂಗದ ಕರಡಿಗೆ ಇನ್ನೂ ಬಿಚ್ಚಿರಲಿಲ್ಲ. ಹಣೆಯ ಮೇಲೆ ಮೂರು ಬೆರಳಗಲದ ನೊರೆ ಉಬ್ಬಿ ನಿಂತಿತ್ತು. ಎರಡೂ ತೋಳಿನ ಮೇಲೆ ನೊರೆ, ಕೊರಳಿಗೆ ನೊರೆ, ಕಿವಿಯ ಬುಡದಲ್ಲಿ ನೊರೆ. ಬಲಗೈಯ ಅಂಗೈಯಲ್ಲಿ ಬೆಳ್ಳಗಿನ ಗಟ್ಟಿ. ಕೋಣೆಯ ತುಂಬ ಖಸ್ ವಾಸನೆ, ಬೇಸಿಗೆಯಲ್ಲಿ ಲಾವಂಚದ ತಟ್ಟಿಗೆ ನೀರು ಹೊಡೆದ ಹಾಗೆ.

"ಏನ್ಬೇ ಇದು? ತಿಕ್ಕಿದಂಗೆಲ್ಲಾ ಬೆಳ್ಯಾಕತ್ತೈತಿ! ಎಂಬತ್ತರ ಹತ್ರ ಬಂದೀನಿ, ಇಂಥಾ ಈಬತ್ತಿ ನೋಡಿಲ್ಲ."

"ಎಲ್ಲಿಂದ ತಗೊಂಡ್ರಿ ಅತ್ತೀ ಇದನ್ನ?"

"ಮ್ಯಾಲಿನ ಹಲಗಿ ಮ್ಯಾಲಿಂದ. ಕೆಳಗಿನವು ಒಂದೂ ಬಿಡದಂಗ ಬಳಕೊಂಡು ಹೋಗ್ಯಾನ ನಿನ್ನ ಗಂಡ. ಹೆತ್ತ ತಾಯಿ ಹಣಿಗೆ ಒಂದು ಬಿಡಬೇಕಂತ ತಿಳೀಲಿಲ್ಲ ಅವಗ."

"ಕಣ್ಣು ಮುಚ್ಚರಿ! ಕಣ್ಣು ತೆರೀಬ್ಯಾಡ್ರಿ ಅತ್ತೀ, ಅದು ಸಾಬೂನ್ರೀ!"

"ಸಾಬೂನಾ?"

"ಹೂಂ ರೀ. ನಾ ಮಾಡಿದ್ದು."

ಇನ್ನೂ ನಾಲಿಗೆಗೆ ಮುಟ್ಟಿಸಿ ನೋಡದ ಸಾಬೂನು. ಹೋದ ಚಳಿಗಾಲದಲ್ಲಷ್ಟೇ ಆಪರೇಶನ್ ಆದ ಕಣ್ಣು, ಹಣ್ಣೆಲೆಯಂಥ ತೆಳ್ಳಗಿನ ಚರ್ಮ. ಹನ್ನೆರಡು ಜೋಡಿ ಕೆಂಪು ಕೈಗಳು ಅವಳ ಕಣ್ಣ ಮುಂದೆ ಬಂದು ನಿಂತವು. ತಂಬಿಗೆಯ ನೀರು ಹಿಡಿದು ಬಂದವಳನ್ನು ಅತ್ತೆ ಕೈ ಅಡ್ಡ ಹಿಡಿದು ತಡೆದಳು.

"ಉರೀತೈತೇನ್ರಿ? ಚುರುಚುರು ಅಂತೈತೇನು? ಹೇಳ್ರಿ ಲಗೂನ!"

"ನೀ ಬಾಯಿ ಮುಚ್ಚಿದ್ರ ಹೇಳ್ತೀನಿ."

ಶಿವಬಸಮ್ಮ ಕಣ್ಣು ಮುಚ್ಚಿಕೊಂಡೇ, ಯಾವುದೋ ದೂರದ ಸಪ್ಪಳ ಕೇಳುವವಳ ಹಾಗೆ ಕೂತಳು. ನೊರೆಯ ಗುಳ್ಳೆಗಳು ಒಂದೊಂದೇ ಒಡೆಯುತ್ತಿದ್ದವು. ಒಂದು ಹನಿ ಮೂಗಿನ ತುದಿಗೆ ಇಳಿದು ನಿಂತಿತು.

"ತಂಪೈತಿ," ಎಂದಳು.

"ಖರೇನ?"

"ಪೂಜಿ ಮಣಿ ಮ್ಯಾಲೆ ಕುಂತು ಸುಳ್ಳು ಹೇಳಂಗಿಲ್ಲಬೇ ನಾ. ತಂಪೈತಿ. ಈಗ ತೊಳಿ, ಮೂಗಿನ್ಯಾಗ ಹೊಂಟೈತಿ."

ಶಿವಗಂಗಾ ತೊಳೆದಳು. ಸೆರಗಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಅತ್ತೆಯ ಮುಖ ತಿರುಗಿಸಿ ನೋಡಿದಳು. ತೋಳು ನೋಡಿದಳು, ಕೊರಳು ನೋಡಿದಳು. ಮತ್ತೆ ಹಣೆ ನೋಡಿದಳು. ಎಲ್ಲಿಯೂ ಕೆಂಪಿಲ್ಲ. ಗಟ್ಟಿಯನ್ನು ಕೈಗೆ ತೆಗೆದುಕೊಂಡು, ತಡೆಯಲಾರದೆ, ಅಲ್ಲಿಯೇ ನಾಲಿಗೆಯ ತುದಿಗೆ ಮುಟ್ಟಿಸಿದಳು. ಒಂದು, ಎರಡು, ಮೂರು. ಸಪ್ಪಗೆ ಸಾಬೂನಿನ ರುಚಿ. ಚುರ್ ಎನ್ನಲಿಲ್ಲ. ಇನ್ನೊಮ್ಮೆ ಮುಟ್ಟಿಸಿದಳು. ಎನ್ನಲಿಲ್ಲ!

"ಅತ್ತೀ, ಕಚ್ಚಲಿಲ್ಲರೀ! ಕಚ್ಚಲಿಲ್ಲ!" ಅತ್ತೆಯ ಎರಡೂ ಕೈ ಹಿಡಿದು ಗುದ್ದಲಿಯ ಹಾಗೆ ಎತ್ತಿ ಇಳಿಸಿದಳು.

"ಬಿಡಬೇ, ತೋಳು ಕಿತ್ತು ಬರ್ತಾವ! ಸಾಬೂನು ತಿಂದು ಕುಣ್ಯಾಕಿನ್ನ ಇವತ್ತ ನೋಡಿದೆ." ಎನ್ನುತ್ತ ಅತ್ತೆಗೂ ನಗು ತಡೆಯಲಿಲ್ಲ. "ನಿನ್ನ ಗಂಡ ಮ್ಯಾಲಿನ ಹಲಗಿಗೂ ಕೈ ಹಾಕಿದ್ದಾ ಅಂದ್ರ ಏನಾಗ್ತಿತ್ತು? ಲಿಂಗಸೂಗೂರಿನ ಹಣಿಯೆಲ್ಲಾ ನೊರಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿಯುತ್ತಿದ್ದಂತೆ ಶಿವಬಸಮ್ಮ ತನ್ನ ತೋಳನ್ನು ತಾನೇ ಸವರಿ ನೋಡಿಕೊಂಡಳು. "ಬೆಣ್ಣಿ ಆಗೈತಿ ನೋಡು. ಅವತ್ತು ಆಕಿ ಮಾಡಿದ್ದು ಮಂದಿ ಕೈ ಸುಟ್ಟಿತ್ತು. ನಿನ್ನ ಕೈಯಾಗ ಅಳತಿ ಐತಿ."

ಶಿವಗಂಗಾಳ ನಗು ಅಲ್ಲಿಯೇ ನಿಂತಿತು. ಸುಮ್ಮನೆ 'ಹೂಂ' ಎಂದರೆ ಮುಗಿಯಿತು. ಮೂರು ವರ್ಷದಿಂದ ಹಾಗೇ ಮುಗಿಸುತ್ತ ಬಂದಿದ್ದಳು. ಕೈಯಲ್ಲಿನ ಗಟ್ಟಿ ಇನ್ನೂ ಒದ್ದೆಯಾಗಿತ್ತು. ಅದರ ಮೈಯಲ್ಲಿ ಅತ್ತೆಯ ಮೂರು ಬೆರಳು ಎಳೆದ ಮೂರು ಸಣ್ಣ ಗೀರುಗಳು ಹೆಬ್ಬೆರಳಿಗೆ ಹತ್ತುತ್ತಿದ್ದವು.

"ಅವತ್ತಿನ ಅಳತೀನೂ ನಂದ ರೀ ಅತ್ತೀ."

"ಏನಂದಿ?"

"ಆಕಿ ತೂಗೂನು ಅಂದ್ಲು. ನಾ ನಮ್ಮ ಹಿತ್ತಾಳಿ ಬಟ್ಟಲಲೇ ಸುರುವಿದೆ. ಮಂದಿ ಬಂದು ನಿಂತಾಗ ಅಂಜಿ ಆಕಿ ಹೆಸರು ಹೇಳಿದೆ. ಗಲತಿ ನಂದು, ಸುಳ್ಳೂ ನಂದು."

ಶಿವಬಸಮ್ಮ ಮಣೆಯ ಮಗ್ಗುಲಲ್ಲಿದ್ದ ತನ್ನ ಹಳೆಯ ವಿಭೂತಿಯ ಚೂರನ್ನು ಹುಡುಕಿ ತೆಗೆದಳು, ಉಗುರಿನಷ್ಟು ಉಳಿದಿತ್ತು. ನೀರು ಮುಟ್ಟಿಸಿ, ನಿಧಾನವಾಗಿ ಹಣೆಗೆ ಎಳೆದುಕೊಂಡಳು. ತೋಳಿಗೂ ಕೊರಳಿಗೂ ಸಾಲುವಷ್ಟು ಇರಲಿಲ್ಲ. ಹೊರಗೆ ಓಣಿಯಲ್ಲಿ ಆಟೋ ಒಂದು ಸಂತೆಕಲ್ಲೂರು, ಸಂತೆಕಲ್ಲೂರು ಎಂದು ಕೂಗುತ್ತ ಹೋಯಿತು.

"ಆಕಿಗೆ ಹೇಳೀಯೇನು ಇದನ್ನ?"

"ಕಾಗದ ಬರದಿಟ್ಟೀನ್ರಿ."

"ಎಂದು?"

"ಮೂರು ವರ್ಷಾತು."

"ಮೂರು ವರ್ಷ ಯಾತಕ್ಕ ಇಟಗೊಂಡು ಕುಂತಿದ್ದಿ?"

ಕಚ್ಚದ ಸಾಬೂನಿಗಾಗಿ ಎಂದು ಹೇಳಲು ಹೊರಟಳು ಶಿವಗಂಗಾ. ಅದು ಅರ್ಧ ಮಾತ್ರ ನಿಜ. "ನಿಮ್ಮ ಬಾಯಿಗೆ ಅಂಜಿ ರೀ," ಎಂದುಬಿಟ್ಟಳು.

ಮುದುಕಿ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆ ನೋಟ ಎಲ್ಲಿ ಬೀಳುತ್ತದೋ ಎಂದು ಶಿವಗಂಗಾ ಕಾದು ನಿಂತಳು. ಅದು ಅವಳನ್ನು ದಾಟಿ, ತಲೆಬಾಗಿಲಿನ ಹೊಸ್ತಿಲಿಗೆ ಹೋಗಿ ನಿಂತಿತು.

"ತಾ ಅದನ್ನ. ಓದು."

ಟ್ರಂಕು ಸಪ್ಪಳ ಮಾಡುತ್ತ ತೆರೆಯಿತು. ಶಿವಗಂಗಾ ಲಕೋಟೆಯ ಬಾಯಿ ಬಿಡಿಸಿ, ನಿಂತುಕೊಂಡೇ ಓದಿದಳು: "ಕಹಕಶಾ, ಅವತ್ತು ನೀನು ತೂಗೋಣ ಎಂದಿದ್ದೆ. ನಾನು ನಕ್ಕಿದ್ದೆ. ಅಳತೆ ನನ್ನದು. ಸಂಘದವರ ಮುಂದೆ ನಾನು ಹೇಳಿದ್ದು ಸುಳ್ಳು. ಈ ಕಾಗದ ಯಾರಿಗೆ ಬೇಕಾದರೂ ತೋರಿಸು. ಶಿವಗಂಗಾ, ಮಸ್ಕಿ."

"ಇಷ್ಟ ಏನು?"

"ಇಷ್ಟ ರೀ."

"ಕೆಳಗ ಜಾಗಾ ಐತೇನು? ಪೆನ್ನು ತಗೊ. ಬರಿ: ಶಿವಬಸಮ್ಮ ಹೇಳಿ ಬರಸ್ಯಾಳ..." ಅತ್ತೆ ನಿಲ್ಲಿಸಿದಳು. ಇಷ್ಟು ವರ್ಷದಲ್ಲಿ ಅವಳು ಮಾತಿಗೆ ತಡಕಾಡಿದ್ದನ್ನು ಶಿವಗಂಗಾ ಕಂಡಿರಲಿಲ್ಲ. "ಹೊಸ್ತಿಲಾ ಇನ್ನಾ ಅಲ್ಲೇ ಐತಿ ಅಂತ ಬರಿ. ಸಾಕು. ಆಕಿ ಶಾಣ್ಯಾಕಿ ಅದಾಳ."

ಶಿವಗಂಗಾ ಬರೆದಳು. ಅವಸರಕ್ಕೆ 'ಹೊಸ್ತಿಲು' ಸ್ವಲ್ಪ ಸೊಟ್ಟಾಯಿತು. ಆಮೇಲೆ ಒಂದೇ ಉಸಿರಿಗೆ ಒಣಗಿಸುವ ಕೋಣೆಗೆ ಓಡಿ, ಮೇಲಿನ ಹಲಗೆಯಿಂದ ಎಲ್ಲಕ್ಕಿಂತ ನುಣ್ಣಗಿದ್ದ, ಮೂಲೆ ಮುಕ್ಕಾಗದ ಗಟ್ಟಿಯನ್ನು ಆರಿಸಿ ತಂದಳು.

"ಅದು ಬ್ಯಾಡ," ಎಂದಳು ಅತ್ತೆ. "ಇದನ್ನ ಕಳಸು."

"ಇದು ನೀವು ಹಚಿಗೊಂಡದ್ದು ರೀ! ಬಳಸಿದ್ದು ಕಳಸ್ತಾರೇನು ಯಾರರೆ?"

"ಹೊಸಾದು ನೋಡಿದ್ರ ಆಕಿ ಮತ್ತ ಅಂಜತಾಳಬೇ. ಇದಾದ್ರ ಯಾರೋ ಒಬ್ಬಾಕಿ ಮೈಗೆ ಹಚಿಗೊಂಡು ಬದುಕ್ಯಾಳ ಅಂತರೆ ತಿಳೀತೈತಿ. ಹೋಗು ಜಲ್ದಿ. ಪೋಸ್ಟ್ ಆಫೀಸು ಊಟಕ್ಕ ಮುಚ್ಚತಾರ."

ಆ ಗಟ್ಟಿಯನ್ನೇ ಒರೆಸಿ, ಕಾಗದದ ಜೊತೆ ಲಕೋಟೆಗೆ ತುಂಬಿ, ಸೀರೆಯ ಅಂಚಿಗೆ ಬೂದಿ ಹತ್ತಿದ್ದನ್ನೂ ನೋಡದೆ ಶಿವಗಂಗಾ ಹೊರಟಳು. ಬೀದಿಯಲ್ಲಿ ಯಾರೋ ಮಾತಾಡಿಸಿದರು. "ಬಂದೆ ರೀ, ಬಂದೆ" ಎನ್ನುತ್ತ ದಾಟಿದಳು. ನಡೆಯುತ್ತಿದ್ದಾಳೋ ಓಡುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

ಕೌಂಟರಿನ ಹಿಂದಿದ್ದವನು ದಪ್ಪ ಲಕೋಟೆಯನ್ನು ತಿರುವಿ ನೋಡಿದ. "ಏನೈತ್ರಿ ಒಳಗ?"

"ಒಂದು ಕಾಗದ. ಒಂದು ಸಾಬೂನು."

"ಸಿಂಧನೂರಿನ್ಯಾಗ ಸಾಬೂನು ಸಿಗಂಗಿಲ್ಲೇನ್ರಿ ಅಕ್ಕಾರ?"

"ಇಂಥಾದು ಸಿಗಂಗಿಲ್ಲರೀ."

ಅವನು ಅದನ್ನು ತಕ್ಕಡಿಯ ಮೇಲಿಟ್ಟ. ಕೆಂಪು ಅಂಕಿಗಳು ಒಮ್ಮೆ ಮೇಲೆ ಹೋಗಿ, ಒಮ್ಮೆ ಕೆಳಗೆ ಬಂದವು. ಶಿವಗಂಗಾ ಕೌಂಟರಿನ ಮೇಲೆ ಬಾಗಿ, ಅವು ನಿಲ್ಲುವ ತನಕ ಕಣ್ಣು ತೆಗೆಯದೆ ನೋಡಿದಳು.

"ಬರೋಬ್ಬರಿ ಎಷ್ಟಾತ್ರೀ?"

"ನೂರಾ ಮೂವತ್ತೆರಡು ಗ್ರಾಂ."

ಮೊಹರು ಎರಡು ಸಲ ಧಪ್ ಧಪ್ ಎಂದು ಬಿತ್ತು. ಅವನು ಲಕೋಟೆಯನ್ನು ಹಿಂದಿದ್ದ ಚೀಲದೊಳಗೆ ಎಸೆದು, ರಸೀದಿ ಹರಿದು ಕೊಟ್ಟು, ಮುಂದಿನವರನ್ನು ಕರೆದ. ಶಿವಗಂಗಾ ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ಮುಂದಿನವನ ಫಾರಂ ಕೈಯಲ್ಲಿ ಹಿಡಿದುಕೊಂಡು, ಕೌಂಟರಿನವನು ತನ್ನ ಬೆರಳುಗಳನ್ನು ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಮೆಲ್ಲಗೆ ಮೂಸಿ ನೋಡುತ್ತಿದ್ದ.